ಮುಂಬಯಿ ಫೋರ್ಟ್‌ನ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡ: ಇಸವಿ ಯಾವುದು, ದಾಖಲೆ ಎಲ್ಲಿ, ನಿಂತು ಏನು ನೋಡಬೇಕು?

ಮಾಟುಂಗಾ_ಮೂಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಸದಸ್ಯರನ್ನು ಒಂದು ಭಾನುವಾರ ಬೆಳಿಗ್ಗೆ ಚರ್ಚ್‌ಗೇಟಿನಿಂದ ಫೋರ್ಟ್‌ಗೆ ನಡೆಸಿಕೊಂಡು ಹೋಗುವ ಕಾರ್ಯಕ್ರಮವಿದೆ. ಸಿಎಸ್‌ಟಿ, ಹೈಕೋರ್ಟು, ರಾಜಾಬಾಯಿ ಟವರು ಎಲ್ಲರಿಗೂ ಗೊತ್ತಿರುವಂಥವು. ಈ ಸಲ 1930ರ ದಶಕದ ಆರ್ಟ್ ಡೆಕೋ ಶೈಲಿಯ ಕಚೇರಿ ಕಟ್ಟಡಗಳನ್ನೇ ತೋರಿಸೋಣ ಅಂತ. ಮುಖ್ಯವಾಗಿ ಎಂ.ಜಿ. ರೋಡಿನ ನ್ಯೂ ಇಂಡಿಯಾ ಅಶ್ಯೂರೆನ್ಸ್. ಕನ್ನಡದಲ್ಲಿ ಒಂದು ಹಾಳೆ ಟಿಪ್ಪಣಿ ಮಾಡಿ ಹಂಚಬೇಕು.

ಒಂದು ಕಡೆ 1935 ಅಂತಿದೆ, ಇನ್ನೊಂದು ಕಡೆ 1936. ಯಾವುದನ್ನು ಹಾಕಲಿ? ವಿಮಾ ಕಂಪನಿಯ ಗೋಡೆ ಮೇಲಿನ ಶಿಲ್ಪದಲ್ಲಿ ರೈತ, ಕುಂಬಾರ ಯಾಕೆ ಬಂದರು? ಇಂಥ ಕಟ್ಟಡದ ಮೂಲ ಕಾಗದಪತ್ರ ನೋಡಬೇಕಾದರೆ ಎಲ್ಲಿಗೆ ಹೋಗಬೇಕು? ಜತೆಗೆ ನಮ್ಮಲ್ಲಿ ನಿವೃತ್ತ ಇಂಜಿನಿಯರುಗಳು ಇದ್ದಾರೆ, ‘ಈ ಕಾಲದ ಕಟ್ಟಡಗಳ ಛಜ್ಜಾ (ಕಿಟಕಿ ಮೇಲೆ ಹೊರಕ್ಕೆ ಚಾಚಿದ ಕಾಂಕ್ರೀಟ್ ಹಲಗೆ) ಯಾಕೆ ಉದುರುತ್ತದೆ’ ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೂ ಉತ್ತರ ಬೇಕು.

—

ಎಸ್ಪ್ಲನೇಡ್ ಉತ್ತರ:

ಇಸವಿಯ ಗೊಂದಲಕ್ಕೆ ಹೆದರಬೇಡಿ. ದೊಡ್ಡ ಕಟ್ಟಡಕ್ಕೆ ಕನಿಷ್ಠ ನಾಲ್ಕು ದಿನಾಂಕ ಇರುತ್ತವೆ: ನಕ್ಷೆಗೆ ಮುನಿಸಿಪಾಲಿಟಿ ಒಪ್ಪಿಗೆ ಕೊಟ್ಟದ್ದು, ಅಡಿಗಲ್ಲು, ಕೆಲಸ ಮುಗಿದ ಪ್ರಮಾಣಪತ್ರ, ಉದ್ಘಾಟನೆ. ಯಾರು ಯಾವುದನ್ನು ನೋಡಿದರೋ ಅದನ್ನು ಬರೆದರು, ಮುಂದಿನವರು ಅದನ್ನೇ ನಕಲು ಮಾಡಿದರು. ನಿಮ್ಮ ಹಾಳೆಯಲ್ಲಿ ‘1930ರ ದಶಕದ ನಡುಭಾಗ’ ಎಂದು ಹಾಕಿ, ಬೇಕಾದರೆ ಎರಡೂ ಇಸವಿ ಕಾಣಿಸಿ. ಒಂದೇ ಇಸವಿ ಹಾಕಲೇಬೇಕೆಂದಿದ್ದರೆ ಅದು ನಾಲ್ಕರಲ್ಲಿ ಯಾವುದು ಎಂದು ಪಕ್ಕದಲ್ಲೇ ಬರೆಯಿರಿ.

ಕಂಪನಿ 1919ರದ್ದು, ಸರ್ ದೊರಾಬ್ಜಿ ಟಾಟಾ ಕಟ್ಟಿದ್ದು. ಕಟ್ಟಡದ ವಿನ್ಯಾಸ ಮಾಸ್ಟರ್, ಸಾಠೆ ಅಂಡ್ ಭೂಟಾ ಎಂಬ ಮುಂಬಯಿಯ ಸಂಸ್ಥೆಯದು, ಶಿಲ್ಪದ ಕೆಲಸ ಎನ್.ಜಿ. ಪಾನ್ಸರೆ ಅವರದು. ಮೂರೂ ಹೆಸರುಗಳನ್ನು ನೋಡಿದರೆ ವಿಷಯ ಅರ್ಥವಾಗುತ್ತದೆ. ಅಲ್ಲಿಯವರೆಗೆ ಫೋರ್ಟಿನ ದೊಡ್ಡ ವಾಣಿಜ್ಯ ಕಟ್ಟಡಗಳ ಕೆಲಸ ಹೆಚ್ಚಾಗಿ ಬ್ರಿಟಿಷ್ ವಾಸ್ತುಶಿಲ್ಪಿಗಳ ಪಾಲಿಗೆ ಹೋಗುತ್ತಿತ್ತು. ಇಲ್ಲಿ ಬಂಡವಾಳವೂ ಇಲ್ಲಿನದು, ನಕ್ಷೆಯೂ ಇಲ್ಲಿನದು, ಉಳಿಯೂ ಇಲ್ಲಿನದು.

ರೈತ, ಕುಂಬಾರ, ನೂಲುವ ಹೆಂಗಸು ಬಂದದ್ದು ಹಾಗೆ. ವಿಮೆ ಅಂದರೆ ಕಣ್ಣಿಗೆ ಕಾಣದ ಸರಕು: ಇವತ್ತು ಹಣ ಕೊಟ್ಟರೆ ಮುಂದೆಂದೋ ಒಂದು ದಿನ ಭರವಸೆ ಸಿಗುತ್ತದೆ, ಅಷ್ಟೆ. ಲಂಡನ್ ಕಂಪನಿಗಳ ಜತೆ ಪೈಪೋಟಿಗೆ ಬಿದ್ದ ದೇಶೀ ಕಂಪನಿಗೆ ಎರಡು ಮಾತು ಹೇಳಬೇಕಿತ್ತು, ನಾವು ಗಟ್ಟಿ ಎಂಬುದು ಒಂದು, ನಾವು ನಿಮ್ಮವರು ಎಂಬುದು ಇನ್ನೊಂದು. ಮೊದಲನೆಯದನ್ನು ಕಟ್ಟಡದ ಗಾತ್ರವೂ ನೆಟ್ಟಗೆ ಮೇಲಕ್ಕೆ ಹೋಗುವ ಪಟ್ಟಿಗಳೂ ಹೇಳುತ್ತವೆ, ಎರಡನೆಯದನ್ನು ಪಾನ್ಸರೆಯವರ ಉಬ್ಬುಶಿಲ್ಪ. ಸ್ವದೇಶಿ ಚಳವಳಿಯ ಬಿಸಿ ಇದ್ದ ಕಾಲ ಎಂಬುದನ್ನು ಮರೆಯಬೇಡಿ. ಗೋಡೆಯೇ ಜಾಹೀರಾತು ಫಲಕ.

ಇದನ್ನು ಗಟ್ಟಿಯಾಗಿ ತೋರಿಸಬೇಕಾದರೆ ಅಲ್ಲಿಂದ ಸರ್ ಫಿರೋಜ್‌ಶಾ ಮೆಹ್ತಾ ರೋಡಿಗೆ ಕರೆದುಕೊಂಡು ಹೋಗಿ ಲಕ್ಷ್ಮೀ ಇನ್ಶೂರೆನ್ಸ್ ಕಟ್ಟಡದ ಎದುರು ನಿಲ್ಲಿಸಿ. 1938ರದ್ದು, ಅದೇ ಮಾಸ್ಟರ್, ಸಾಠೆ, ಭೂಟಾ. ನ್ಯೂ ಇಂಡಿಯಾದವರು ದುಡಿಯುವ ಜನರನ್ನು ಕೆತ್ತಿಸಿದರೆ ಲಕ್ಷ್ಮೀ ಕಂಪನಿಯವರು ಗಡಿಯಾರದ ಗೋಪುರದ ನೆತ್ತಿಯ ಮೇಲೆ ಸಾಕ್ಷಾತ್ ಲಕ್ಷ್ಮಿಯನ್ನೇ ನಿಲ್ಲಿಸಿ, ಕೆಳಗೆ ಆನೆಗಳನ್ನು ಇಟ್ಟರು. ಲಾಹೋರಿನಲ್ಲಿ ಹುಟ್ಟಿದ ಕಂಪನಿ. ಕರಾಚಿಯಲ್ಲೂ ಇದರದೊಂದು ಲಕ್ಷ್ಮೀ ಬಿಲ್ಡಿಂಗ್ ಇದೆ. ಒಂದೇ ವಾಸ್ತು ಸಂಸ್ಥೆ, ಒಂದೇ ಧಂದೆಯ ಇಬ್ಬರು ಗಿರಾಕಿಗಳು, ನಡುವೆ ಎರಡು ಮೂರು ವರ್ಷ. ಶೈಲಿಯ ಬಗ್ಗೆ ಅರ್ಧ ಗಂಟೆ ಭಾಷಣ ಮಾಡುವುದಕ್ಕಿಂತ ಈ ಎರಡನ್ನು ಒಂದರ ಹಿಂದೊಂದು ತೋರಿಸುವುದು ಮೇಲು.

ಮುಂದಿನ ಕಥೆ ಚಿಕ್ಕದು. 1956ರ ಸೆಪ್ಟೆಂಬರ್ 1ಕ್ಕೆ ಎಲ್‌ಐಸಿ ಬಂದಾಗ ಜೀವವಿಮಾ ಕಂಪನಿಗಳೆಲ್ಲ, ಒಟ್ಟು 245, ಅದರೊಳಗೆ ಸೇರಿದವು. ಲಕ್ಷ್ಮಿ ಹೋದದ್ದು ಆಗ. ಸಾಮಾನ್ಯ ವಿಮೆಯ ರಾಷ್ಟ್ರೀಕರಣ ಜಾರಿಗೆ ಬಂದದ್ದು 1973ರ ಜನವರಿ 1ರಿಂದ. 107 ಕಂಪನಿಗಳನ್ನು ನಾಲ್ಕು ಮಾಡಿದರು, ಮುಂಬಯಿಯನ್ನು ಕೇಂದ್ರವಾಗಿಟ್ಟುಕೊಂಡದ್ದು ನ್ಯೂ ಇಂಡಿಯಾ. ಹಾಗಾಗಿ ಹೆಸರೂ ಬದಲಾಗಲಿಲ್ಲ, ಉಪಯೋಗವೂ ಬದಲಾಗಲಿಲ್ಲ. ಕಟ್ಟಿಸಿದ ಕಂಪನಿಯ ಹೆಸರಿನಲ್ಲೇ ಇವತ್ತಿಗೂ ಕಚೇರಿಯಾಗಿ ನಡೆಯುತ್ತಿರುವ ಆ ಕಾಲದ ಕಟ್ಟಡಗಳು ಊರಲ್ಲಿ ಕಡಿಮೆ.

ಕಾಗದಪತ್ರದ ಬಗ್ಗೆ ಬೇರೆಯವರು ಬರೆಯಲಿ. ಒಂದು ಸೂಚನೆ ಮಾತ್ರ: ಹಳೆಯ ದಾಖಲೆಯಲ್ಲಿ ‘ಮಹಾತ್ಮಾ ಗಾಂಧಿ ರೋಡ್’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಆಗ ಅದು ಎಸ್ಪ್ಲನೇಡ್ ರೋಡ್.

—

ಕಡತದ_ಹುಳ ಉತ್ತರ:

ಎಸ್ಪ್ಲನೇಡ್ ಹೇಳಿದ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮುಂಬಯಿಯಲ್ಲಿ ಕಟ್ಟಡವನ್ನು ಬೀದಿ ಹೆಸರಿನಿಂದ ಹುಡುಕಬಾರದು, ಸಿ.ಎಸ್. (ಕೆಡಸ್ಟ್ರಲ್ ಸರ್ವೆ, ಅಂದರೆ ಭೂಮಾಪನದ) ನಂಬರಿನಿಂದ ಹುಡುಕಬೇಕು. ಬೀದಿ ಹೆಸರು ಬದಲಾಗುತ್ತದೆ, ಮನೆ ನಂಬರೂ ಬದಲಾಗುತ್ತದೆ, ಕೆಡಸ್ಟ್ರಲ್ ಸರ್ವೆ ನಂಬರು ಮತ್ತು ‘ಫೋರ್ಟ್ ಡಿವಿಷನ್’ ಎಂಬುದು ಉಳಿಯುತ್ತದೆ. ಪ್ರಾಪರ್ಟಿ ಕಾರ್ಡಿನಲ್ಲಿ ಜಾಗ ಯಾರಿಂದ ಯಾರಿಗೆ ಹೋಯಿತು, ಲೀಸೋ ಸ್ವಂತವೋ, ಅಷ್ಟು ತಿಳಿಯುತ್ತದೆ. ಕಟ್ಟಡ ಎದ್ದ ದಿನ ಅದರಲ್ಲಿ ಇರುವುದಿಲ್ಲ, ಅದಕ್ಕೆ ಆಸೆಪಡಬೇಡಿ.

ಕಟ್ಟಡದ ದಿನಕ್ಕೆ ನನ್ನ ಪ್ರಕಾರ ಅತಿ ನಂಬಿಕಸ್ತ ಕಾಗದ ಕಂಪನಿಯ ವಾರ್ಷಿಕ ವರದಿ. ಇದನ್ನು ಯಾರೂ ನೋಡುವುದಿಲ್ಲ. ವಿಮಾ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ಸ್ಥಿರಾಸ್ತಿ ಎಂಬ ಸಾಲು ಇರುತ್ತದೆ. ವರ್ಷದಿಂದ ವರ್ಷಕ್ಕೆ ಆ ಅಂಕಿ ಏರುತ್ತ ಹೋಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಏರುವುದು ನಿಂತು ಆದಾಯದ ಕಡೆ ಬಾಡಿಗೆ ಕಾಣಿಸಿಕೊಂಡ ವರ್ಷ ಜನ ಒಳಗೆ ಬಂದಿದ್ದಾರೆ. ಆ ಕಾಲದ ವಿಮಾ ಕಂಪನಿಗಳು ತಮಗೆ ಬೇಕಾದ ಮಹಡಿ ಇಟ್ಟುಕೊಂಡು ಮಿಕ್ಕಿದ್ದನ್ನು ಬಾಡಿಗೆಗೆ ಕೊಡುತ್ತಿದ್ದುದು ಸಾಮಾನ್ಯ. ಪಾಲಿಸಿದಾರರ ಹಣ ಸುಮ್ಮನೆ ಕೂರಬಾರದಲ್ಲ!

ವಾಸ್ತುವಿನ ಕಡೆಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್‌ನವರ ಜರ್ನಲ್ ಇದೆ. ಅದು ಶುರುವಾದದ್ದೇ 1930ರ ದಶಕದಲ್ಲಿ, ಹಾಗಾಗಿ ಈ ಅಲೆಯ ಕಟ್ಟಡಗಳಿಗೆ ಸರಿಯಾಗಿ ಹೊಂದುತ್ತದೆ. ಅದರ ಜಾಹೀರಾತುಗಳನ್ನು ಬಿಡಬೇಡಿ. ಉಕ್ಕಿನ ಕಿಟಕಿ, ಲಿಫ್ಟು, ಟೈಲ್ಸ್ ಮಾರುವವರು ‘ಇಂಥ ಕಟ್ಟಡಕ್ಕೆ ನಾವೇ ಕೊಟ್ಟದ್ದು’ ಎಂದು ಹಾಕಿಕೊಳ್ಳುತ್ತಿದ್ದರು, ಲೇಖನದಲ್ಲಿ ಇಲ್ಲದ ವಿವರ ಅಲ್ಲಿರುತ್ತದೆ. ಟೌನ್ ಹಾಲಿನ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯ, ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರ, ಎರಡೂ ನಿಮ್ಮ ನಡಿಗೆಯ ದಾರಿಯಿಂದ ದೂರವಿಲ್ಲ. ಪತ್ರಾಗಾರಕ್ಕೆ ಹೋಗುವುದಾದರೆ ಗುರುತಿನ ಚೀಟಿ, ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ, ಪೆನ್ಸಿಲು. ಪೆನ್ನು ಬೇಡ. ಆರ್ಟ್ ಡೆಕೋ ಮುಂಬೈ ಟ್ರಸ್ಟಿನವರು ಊರಿನ ಇಂಥ ಕಟ್ಟಡಗಳನ್ನು ಒಂದೊಂದಾಗಿ ಪಟ್ಟಿ ಮಾಡಿಟ್ಟಿದ್ದಾರೆ. ಮೊದಲು ಅಲ್ಲಿ ನೋಡಿ ಆಮೇಲೆ ಕಡತಕ್ಕೆ ಕೈ ಹಾಕಿ.

ಮಾಟುಂಗಾ, ದಾದರ್ ಕಡೆಯ ಹಳೆಯ ಬಾಡಿಗೆ ಕಟ್ಟಡಗಳಿಗೆ ಇನ್ನೊಂದು ಸುಲಭ ಕೀಲಿ ಇದೆ: ಮ್ಹಾಡಾ (ರಾಜ್ಯದ ವಸತಿ ಮಂಡಳಿ) ದುರಸ್ತಿಗೆಂದು ಹಾಕುವ ಸೆಸ್ ತೆರಿಗೆಯ ವರ್ಗ. ‘ಎ’ ಎಂದರೆ 1940ರ ಸೆಪ್ಟೆಂಬರ್ 1ಕ್ಕಿಂತ ಮುಂಚಿನದು, ‘ಬಿ’ ಎಂದರೆ ಅಲ್ಲಿಂದ 1950ರವರೆಗಿನದು. ಇಸವಿ ಸಿಗದಿದ್ದರೂ ದಶಕ ಸಿಗುತ್ತದೆ.

—

ಗಿಲಾವು ಉತ್ತರ:

ಇತಿಹಾಸ ಅವರಿಬ್ಬರು ಹೇಳಿದ್ದಾರೆ, ನಾನು ಛಜ್ಜಾದ ವಿಷಯಕ್ಕೆ ಬರುತ್ತೇನೆ. ಇದು ನ್ಯೂ ಇಂಡಿಯಾ ಒಂದಕ್ಕೇ ಅಲ್ಲ, ಮರೀನ್ ಡ್ರೈವಿನಿಂದ ಮಾಟುಂಗಾದವರೆಗೆ ಆ ಪೀಳಿಗೆಯ ಎಲ್ಲ ಆರ್‌ಸಿಸಿಗೂ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿಗೂ) ಅನ್ವಯ.

1930ರ ದಶಕದಲ್ಲಿ ಸಿಮೆಂಟ್ ಇಲ್ಲೇ ತಯಾರಾಗತೊಡಗಿ ಸುಲಭವಾಗಿ ಸಿಗುತ್ತಿತ್ತು, 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಎಂಬ ಒಂದೇ ಕಂಪನಿಯೂ ಆಯಿತು. ಕಂಬ-ತೊಲೆ ಚೌಕಟ್ಟು ಬಂದಮೇಲೆ ಗೋಡೆ ಭಾರ ಹೊರಬೇಕಾಗಿಲ್ಲ. ಕಿಟಕಿ ಅಗಲ ಮಾಡಬಹುದು, ಮೂಲೆಯಲ್ಲೂ ಇಡಬಹುದು, ಛಜ್ಜಾವನ್ನು ಆಧಾರವಿಲ್ಲದೆ ಹೊರಕ್ಕೆ ಚಾಚಬಹುದು. ಡೆಕೋದ ಚೆಲುವೆಲ್ಲ ಇದರಿಂದ ಬಂದದ್ದು. ರೋಗವೂ ಇದರಿಂದಲೇ.

ಆಗಿನ ಸಾಮಾನ್ಯ ಮಿಶ್ರಣ 1:2:4, ಅಳತೆ ಡಬ್ಬಿಯಲ್ಲಿ, ಕೈಯಲ್ಲಿ ಕಲಸಿದ್ದು, ಕುಟ್ಟಿ ಕೂರಿಸಿದ್ದು. ವೈಬ್ರೇಟರ್ ಇಲ್ಲ. ಸರಳು ನುಣುಪಾದ ಮೈಲ್ಡ್ ಸ್ಟೀಲ್. ಛಜ್ಜಾ ತೆಳು, ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ ಎಷ್ಟೋ ಕಡೆ 15–20 ಮಿ.ಮೀ. ಮಾತ್ರ. ಹೊಸ ಕಾಂಕ್ರೀಟಿನ ಪಿಎಚ್ 12.5ರ ಮೇಲಿರುತ್ತದೆ, ಆ ಕ್ಷಾರದಲ್ಲಿ ಸರಳು ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ದಶಕಗಳ ಕಾಲ ಒಳಗಿಳಿದು ಕ್ಷಾರವನ್ನು ತಿಂದು ಪಿಎಚ್ 9ರ ಹತ್ತಿರಕ್ಕೆ ತರುತ್ತದೆ. ಜತೆಗೆ ಸಮುದ್ರದ ಉಪ್ಪು. ಆಮೇಲೆ ಮಳೆಗಾಲದ ನೀರು ಸಾಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಹೊದಿಕೆಯನ್ನು ಕೆಳಕ್ಕೆ ನೂಕುತ್ತದೆ. ಛಜ್ಜಾದ ಅಡಿಯಿಂದ ಚಕ್ಕೆ ಬೀಳುವುದು ಅದಕ್ಕೇ.

ಕೆಳಗೆ ನಿಂತು ನೋಡುವವರು ಗಮನಿಸಬೇಕಾದದ್ದು: ಸರಳಿನ ಉದ್ದಕ್ಕೂ ನೆಟ್ಟಗೆ ಹೋಗುವ ಬಿರುಕು, ಅದರಿಂದ ಇಳಿದ ಕಂದು ಕಲೆ ಕಂಡರೆ ತುಕ್ಕು. ಜೇಡರ ಬಲೆಯಂತೆ ಕೂದಲೆಳೆಯ ಬಿರುಕು ಮೇಲ್ಗಿಲಾವಿನದು, ಅವಸರವಿಲ್ಲ. ಆದರೆ ಗೋಡೆಗೆ ಸೇರುವ ಬುಡದಲ್ಲಿ, ಛಜ್ಜಾದ ಮೇಲ್ಮೈಯಲ್ಲಿ ಅಡ್ಡ ಬಿರುಕು ಇದ್ದರೆ ಕೆಳಗೆ ಯಾರನ್ನೂ ನಿಲ್ಲಿಸಬೇಡಿ. ಚಾಚು ಛಜ್ಜಾದ ಮುಖ್ಯ ಸರಳು ಮೇಲ್ಭಾಗದಲ್ಲಿರುತ್ತದೆ. ಎಳೆತ ಬೀಳುವುದು ಅಲ್ಲೇ.

ದುರಸ್ತಿ ಕೇಳುವವರಿಗೆ, ಕ್ರಮ ಇದು. ಮೊದಲು ಕೆಳಗಿನಿಂದ ಊರೆ ಕೊಡಬೇಕು. ಸುತ್ತಿಗೆಯಲ್ಲಿ ತಟ್ಟಿ ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು. ಒಂದು ಕಡೆ ಹೊಸದಾಗಿ ಒಡೆದ ಮುಖಕ್ಕೆ 1 ಶೇಕಡಾ ಫಿನಾಲ್ಫ್ತಲೀನ್ ಸಿಂಪಡಿಸಿ: ಗುಲಾಬಿಯಾದರೆ ಕ್ಷಾರ ಉಳಿದಿದೆ, ಬಣ್ಣ ಬರದಿದ್ದರೆ ಹೋಗಿದೆ. ಬಣ್ಣವಿಲ್ಲದ ಪದರ ಸರಳನ್ನು ದಾಟಿದೆಯೇ ಎಂಬುದೇ ಪ್ರಶ್ನೆ. ಕೆಟ್ಟ ಭಾಗದ ಅಂಚನ್ನು ಗರಗಸದಿಂದ 10 ಮಿ.ಮೀ. ಆಳಕ್ಕೆ ನೇರವಾಗಿ ಕತ್ತರಿಸಿ. ಅಂಚು ಸವರಿದಂತೆ ತೆಳುವಾದರೆ ತೇಪೆ ಮೊದಲು ಏಳುವುದು ಅಲ್ಲಿಂದ. ಸರಳಿನ ಹಿಂದೆಯೂ 20–25 ಮಿ.ಮೀ. ಬಿಡಿಸಬೇಕು. ಎಲ್ಲರೂ ಉಳಿತಾಯ ಮಾಡುವ ಜಾಗ ಇದು: ಮುಂದಿನ ಅರ್ಧ ಉಜ್ಜಿ, ಹಿಂದಿನ ಅರ್ಧ ತುಕ್ಕಿನಲ್ಲೇ ಬಿಟ್ಟು ಮುಚ್ಚುತ್ತಾರೆ, ಎರಡು ಮಳೆಗಾಲಕ್ಕೆ ಮತ್ತೆ ಚಕ್ಕೆ. ಸರಳು ಹೊಳೆಯುವ ತನಕ ಉಜ್ಜಿ, ಸುಮಾರು ಕಾಲು ಭಾಗ ಸವೆದಿದ್ದರೆ ಪಕ್ಕಕ್ಕೆ ಹೊಸ ಸರಳು ಸೇರಿಸಿ, ಸತುವಿನ ಪ್ರೈಮರ್, ಆಮೇಲೆ ಪಾಲಿಮರ್ ಗಾರೆ ಪದರ ಪದರವಾಗಿ. ಒಂದೇ ಸಲಕ್ಕೆ 40 ಮಿ.ಮೀ. ಮೆತ್ತಿದರೆ ತನ್ನ ಭಾರಕ್ಕೇ ಜೋತುಬೀಳುತ್ತದೆ. ಕೊನೆಗೆ ಛಜ್ಜಾದ ಅಡಿಯಲ್ಲಿ, ಹೊರ ಅಂಚಿನಿಂದ ಒಂದಿಂಚು ಒಳಗೆ, ನೀರು ತೊಟ್ಟಿಕ್ಕುವ ಗೆರೆ ಇತ್ತಲ್ಲ, ಅದನ್ನು ಮತ್ತೆ ತೆಗೆಯಿರಿ. ಹಳಬರು ಮರೆಯದೆ ಮಾಡಿದ್ದರು, ಈಗಿನವರು ಗಿಲಾವಿನಲ್ಲಿ ಮುಚ್ಚಿಬಿಡುತ್ತಾರೆ. ಆ ಗೆರೆ ಇಲ್ಲದಿದ್ದರೆ ನೀರು ಅಡಿಭಾಗ ಹಿಡಿದು ಗೋಡೆಯವರೆಗೂ ಬರುತ್ತದೆ.

—

ಮಾಟುಂಗಾ_ಮೂಲೆ:

ಗಿಲಾವು ಅವರೇ, ನಮ್ಮ ಇಂಜಿನಿಯರುಗಳಿಗೆ ಇನ್ನು ಮಾತೇ ಉಳಿಯಲಿಲ್ಲ ಮಾರಾಯ್ರೆ! ಇನ್ನೊಂದು: ಈ ಕಾಲದ ಕಟ್ಟಡಗಳಲ್ಲಿ ಕಲ್ಲು ಯಾವುದು, ಕಲ್ಲಿನ ವೇಷದ ಗಾರೆ ಯಾವುದು ಎಂದು ಮುಟ್ಟದೆ ಹೇಗೆ ಹೇಳುವುದು? ಒಳಗೆ ನೆಲ ನೋಡಲು ಬಿಟ್ಟರೆ ಏನನ್ನು ತೋರಿಸಲಿ?

—

ಗಿಲಾವು ಉತ್ತರ:

ಮೂಲೆ ನೋಡಿ. ನಿಜವಾದ ಕಲ್ಲಿನ ಹೊದಿಕೆಯಾದರೆ ಮೂಲೆಯಲ್ಲಿ ಹಲಗೆಯ ದಪ್ಪ ಅಥವಾ ತಿರುವಿನ ಜೋಡಣೆ ಕಾಣುತ್ತದೆ, ಕಲ್ಲಿನಿಂದ ಕಲ್ಲಿಗೆ ಬಣ್ಣ ಕೊಂಚ ಬೇರೆ. ಗ್ರಿಟ್ ಗಿಲಾವಾದರೆ ಇಡೀ ಗೋಡೆ ಒಂದೇ ಬಣ್ಣ, ‘ಸಂದು’ ಎಂದು ಕಾಣುವುದು ಗೀರಿದ ಗೆರೆ. ಅದರ ಕೆಲಸ ಹೀಗೆ: ಕೆಳಗೆ 12 ಮಿ.ಮೀ. ಸಿಮೆಂಟ್ ಗಾರೆ, ಮೇಲೆ ಸಿಮೆಂಟಿಗೆ ಒಂದೂವರೆ ಪಾಲು ಕಲ್ಲಿನ ಸಣ್ಣ ನುರುಕು, ನಡುವೆ ಮರದ ಪಟ್ಟಿ ಇಟ್ಟು ಚೌಕ ಚೌಕವಾಗಿ. ಅರ್ಧ ಗಟ್ಟಿಯಾದಾಗ ನೀರು, ಬ್ರಷ್ಷಿನಿಂದ ಮೇಲಿನ ಸಿಮೆಂಟ್ ಹಾಲನ್ನು ತೊಳೆದರೆ ನುರುಕು ಹೊರಗೆ ಕಾಣುತ್ತದೆ. ಬೇಗ ತೊಳೆದರೆ ನುರುಕೇ ಉದುರುತ್ತದೆ, ತಡವಾದರೆ ಸಿಮೆಂಟ್ ಬಿಡುವುದಿಲ್ಲ. ಮರದ ಪಟ್ಟಿಯ ಗೆರೆ ಬರೀ ಅಂದಕ್ಕಲ್ಲ, ಕುಗ್ಗುವ ಬಿರುಕು ಅದರೊಳಗೇ ಅಡಗಲಿ ಎಂದು. ಹೊಸ ತೇಪೆ ಹಾಕುವವರು ಚೌಕದ ನಡುವೆ ನಿಲ್ಲಿಸದೆ ಪೂರ್ತಿ ಚೌಕ ತೆಗೆದು ಹಾಕಿದರೆ ಗುರುತೇ ಸಿಗದು. ಎರಡಕ್ಕೂ ಪ್ಲಾಸ್ಟಿಕ್ ಪೇಂಟ್ ಬಳಿಯಬಾರದು, ಮರಳು ಹೊಡೆದು ತೊಳೆಯಬಾರದು.

ಅಸಲಿ ಕಲ್ಲು ತೋರಿಸಬೇಕೆಂದರೆ ಚರ್ಚ್‌ಗೇಟ್ ಎದುರಿನ ಈರೋಸ್ ಇದೆಯಲ್ಲ, 1938ರದ್ದು, ಅದರ ಕೆಂಪು ಆಗ್ರಾ ಕಲ್ಲು. ನಡಿಗೆ ಅಲ್ಲಿಂದಲೇ ಶುರು ಮಾಡಿ.

ನೆಲದಲ್ಲಿ ಟೆರಾಜೋ (ಕಲ್ಲಿನ ಚೂರು ಬೆರೆಸಿದ ಸಿಮೆಂಟ್ ನೆಲ) ಇದ್ದರೆ ಚೌಕಗಳ ನಡುವಿನ ಹಿತ್ತಾಳೆ ಅಥವಾ ಗಾಜಿನ ಪಟ್ಟಿ ನೋಡಿ. ಅಲ್ಲೇ ಸುರಿದು ಅಲ್ಲೇ ಮೂರು ಸಲ ಉಜ್ಜಿದ ನೆಲ, ಹಲಗೆ ತಂದು ಕೂರಿಸಿದ್ದಲ್ಲ. ಆ ಕಾಲದ ಮುಂಬಯಿ ಸಿಮೆಂಟ್ ಟೈಲ್ಸಿನಲ್ಲಿ ಭಾರತ್ ಟೈಲ್ಸ್ ಹೆಸರು ದೊಡ್ಡದು, 1922ರಲ್ಲಿ ಸ್ವದೇಶಿ ಹುರುಪಿನಲ್ಲೇ ಶುರುವಾದದ್ದು. ಆ್ಯಸಿಡ್ ಹಾಕಿ ತೊಳೆಯುವ ಕಟ್ಟಡಗಳಲ್ಲಿ ಅಮೃತಶಿಲೆಯ ಚೂರುಗಳೇ ಮೊದಲು ಹೊಳಪು ಕಳೆದುಕೊಂಡು ಗುಳಿಬೀಳುತ್ತವೆ.

—

ಎ_ವಾರ್ಡ್ ಉತ್ತರ:

ಪರವಾನಗಿಯ ವಿಷಯ ಯಾರೂ ಎತ್ತಲಿಲ್ಲ, ಎರಡು ಮಾತು. ಬೃಹನ್ಮುಂಬಯಿಯ ಹೆರಿಟೇಜ್ ನಿಯಮ ಬಂದದ್ದು 1995ರಲ್ಲಿ. ದರ್ಜೆ 1, 2ಎ, 2ಬಿ, 3. ಒಂದರಲ್ಲಿ ತೀರಾ ಅಗತ್ಯವಿಲ್ಲದೆ ಏನೂ ಮುಟ್ಟುವಂತಿಲ್ಲ. 2ಎಯಲ್ಲಿ ಒಳಗೆ ಬದಲಾವಣೆಗೆ ಅವಕಾಶವಿದೆ, ಹೊರಮುಖ ಕಾಯಬೇಕು. 2ಬಿಯಲ್ಲಿ ಅದೇ ಜಾಗದಲ್ಲಿ ಹೊಂದುವಂಥ ಹೊಸ ಕಟ್ಟಡಕ್ಕೂ ದಾರಿಯಿದೆ. 3ರಲ್ಲಿ ಸಡಿಲ ಹೆಚ್ಚು. ಕಡತ ಮುಂಬಯಿ ಹೆರಿಟೇಜ್ ಕನ್ಸರ್ವೇಶನ್ ಕಮಿಟಿಗೆ ಹೋಗುತ್ತದೆ. ಇದರ ಹೊರತಾಗಿ, 30 ವರ್ಷ ದಾಟಿದ ಕಟ್ಟಡಕ್ಕೆ ಮುನಿಸಿಪಲ್ ಕಾಯ್ದೆಯ 353ಬಿ ಪ್ರಕಾರ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆಡಿಟ್ ವರದಿಯಲ್ಲಿ ‘ಛಜ್ಜಾ ಒಡೆದು ತೆಗೆಯಿರಿ’ ಎಂದು ಒಂದೇ ಸಾಲಿನಲ್ಲಿ ಬರೆಯುವ ಚಟ ಕೆಲವರಿಗಿದೆ. ಡೆಕೋ ಕಟ್ಟಡದಿಂದ ಛಜ್ಜಾ ತೆಗೆದರೆ ಉಳಿಯುವುದು ಬರೀ ಪೆಟ್ಟಿಗೆ. ದುರಸ್ತಿ ಸಾಧ್ಯವೇ ಎಂದು ಬರವಣಿಗೆಯಲ್ಲಿ ಕೇಳಿ.

ಯುನೆಸ್ಕೋ ಪಟ್ಟಿಯ ಬಗ್ಗೆ ಹಾಳೆಯಲ್ಲಿ ಬರೆಯುವುದಾದರೆ ಜಾಗ್ರತೆ. 2018ರಲ್ಲಿ ಸೇರಿದ್ದು ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೋ ಕಟ್ಟಡಗಳ ಒಂದು ಸಮೂಹ, ಒಟ್ಟು 94. ನಡುವೆ ಓವಲ್ ಮೈದಾನ, ಪೂರ್ವಕ್ಕೆ ಗಾಥಿಕ್, ಪಶ್ಚಿಮಕ್ಕೆ ಬ್ಯಾಕ್‌ಬೇ ಸಮುದ್ರ ತುಂಬಿಸಿದ ನೆಲದ ಮೇಲೆ ಡೆಕೋ. ‘ಮುಂಬಯಿಯ ಎಲ್ಲ ಡೆಕೋ ಕಟ್ಟಡಗಳೂ ವಿಶ್ವ ಪರಂಪರೆ’ ಎಂದು ಬರೆದುಬಿಡಬೇಡಿ, ಅದು ತಪ್ಪು.

ದಾರಿ: ಈರೋಸ್, ಓವಲ್ ಮೈದಾನದ ನಡುವಿನ ಕಾಲುದಾರಿ (ಅಲ್ಲಿ ಒಮ್ಮೆ ನಿಂತು ಎರಡೂ ಕಡೆ ನೋಡಿಸಿ), ಹೈಕೋರ್ಟಿನ ಬದಿಯಿಂದ ಹುತಾತ್ಮ ಚೌಕ, ನ್ಯೂ ಇಂಡಿಯಾ, ಅಲ್ಲಿಂದ ಲಕ್ಷ್ಮೀ ಇನ್ಶೂರೆನ್ಸ್ ಇರುವ ಫಿರೋಜ್‌ಶಾ ಮೆಹ್ತಾ ರೋಡ್. ನಿಂತು ನೋಡುತ್ತ ಹೋದರೆ ಎರಡು ಗಂಟೆ. ಶಿಲ್ಪ ನೋಡಲು ಕಟ್ಟಡದ ಬುಡದಲ್ಲಿ ನಿಲ್ಲಿಸಬೇಡಿ, ಕತ್ತು ನೋವು ಬಿಟ್ಟರೆ ಏನೂ ಸಿಗದು. ಎದುರು ಫುಟ್‌ಪಾತಿನಿಂದ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ. ಬಿಸಿಲು ನೇರ ಎದುರಿನಿಂದ ಬಿದ್ದರೆ ಉಬ್ಬು ಚಪ್ಪಟೆಯಾಗಿ ಕಾಣುತ್ತದೆ. ನಾಲ್ಕೈದು ಬೈನಾಕ್ಯುಲರ್ ಇದ್ದರೆ ಸಾಕು, ಕೈಯಿಂದ ಕೈಗೆ ದಾಟಿಸಬಹುದು.

ಭಾನುವಾರ ರಸ್ತೆ ಖಾಲಿ, ಆದರೆ ಕಚೇರಿಗಳೂ ಬಂದ್. ಒಳಗಿನ ನೆಲ, ಲಿಫ್ಟಿನ ಮುಂದಿನ ಜಾಗ ನೋಡಬೇಕಾದರೆ ಕೆಲಸದ ದಿನ ಐದಾರು ಮಂದಿ ಮಾತ್ರ, ಮುಂಚಿತವಾಗಿ ಆಡಳಿತ ವಿಭಾಗಕ್ಕೆ ಪತ್ರ ಬರೆದು ಹೋಗಿ. ಮೂವತ್ತು ಜನ ಒಮ್ಮೆಗೇ ಹೋದರೆ ಸೆಕ್ಯುರಿಟಿಯವರು ಬಾಗಿಲಲ್ಲೇ ನಿಲ್ಲಿಸುತ್ತಾರೆ, ಅದು ಅವರ ತಪ್ಪೂ ಅಲ್ಲ.

—

ಮಾಟುಂಗಾ_ಮೂಲೆ:

ಸರಿ, ನಡಿಗೆ ಭಾನುವಾರವೇ, ಒಳಗಿನದಕ್ಕೆ ಬೇರೆ ದಿನ ಆರು ಜನರ ಪಟ್ಟಿ ಮಾಡಿ ಪತ್ರ ಹಾಕುತ್ತೇವೆ. ಹಾಳೆಯಲ್ಲಿ ‘1930ರ ದಶಕದ ನಡುಭಾಗ’ ಎಂದೇ ಬರೆಯುತ್ತೇನೆ. ಕಡತದ_ಹುಳ ಹೇಳಿದ ಬ್ಯಾಲೆನ್ಸ್ ಶೀಟ್ ಸಿಕ್ಕಿದರೆ ಇದೇ ಕೆಳಗೆ ಹಾಕುತ್ತೇನೆ.